ಎಂಬತ್ತೆಂಟು ರೂಪಾಯಿಯ ದೀಪ

ಗುಜರಿ ಗಾಡಿಯಿಂದ ಮೊದಲು ಇಳಿದದ್ದು ಕಾಲು,
ಮೂರು, ಸಾಗುವಾನಿಯವು.
ಆಮೇಲೆ ಹಿತ್ತಾಳೆಯ ಕೊಳವೆ, ಬಾಗಿದ ಕತ್ತು,
ತೂತು ತೂತಿನ ತಗಡಿನ ಟೊಪ್ಪಿಗೆ.
ಖಡೇಬಜಾರದ ನನ್ನ ಅಂಗಡಿಯಲ್ಲಿ
ಸುಟ್ಟ ಮಿಕ್ಸರುಗಳ ನಡುವೆ
ಕರೆಯದೆ ಬಂದ ಬೀಗರ ಹಾಗೆ ನಿಂತಿತು.

ಫೋಟೋ ನೋಡಿ ಪುಣೆಯಿಂದ ಓಡಿ ಬಂದರು ಸಬನೀಸ.
ಬಿಳಿ ಕೈಗವಸು, ಸಣ್ಣ ಭೂತಗನ್ನಡಿ.
ಮೊಣಕಾಲೂರಿ ಅಡಿಯಿಂದ ನೋಡಿದರು,
ದನದ ಸಂತೆಯಲ್ಲಿ ಹಲ್ಲು ನೋಡುವವರ ಹಾಗೆ.
"ಅಪ್ಪಟ ಆಧುನಿಕ. ಅರವತ್ತರ ದಶಕ.
ಈ ತೂತುಗಳ ಲಯ ನೋಡಿ!
ಮಾಡಿದವನ ಹೆಸರು ಸಿಕ್ಕರೆ ಮೂರು ಲಕ್ಷ,
ಸಿಗದಿದ್ದರೆ ನಲವತ್ತು ಸಾವಿರ.
ಒಂದೇ ದೋಷ. ಸ್ವಿಚ್ಚು ಕಾಲಿನ ಬುಡದಲ್ಲಿದೆ.
ಯಾರೋ ಆಮೇಲೆ ಕೆಡಿಸಿದ್ದಾರೆ."

ಕೆಡಿಸಿಲ್ಲ ಎಂದು ನನ್ನ ಕೈಗೆ ಗೊತ್ತಿತ್ತು.
ವೈರು ಬಿಚ್ಚಿದವನು ನಾನು;
ಅದು ಹುಟ್ಟಿದಂದಿನಿಂದ
ಕೊಳವೆಯೊಳಗೆ ಕೆಳಗೇ ಇಳಿದಿತ್ತು,
ಒಂದೂ ಜೋಡಣೆಯಿಲ್ಲದೆ.

ಗುಜರಿಯವನು ತೋರಿಸಿದ ಮನೆ ವಡಗಾವಿಯಲ್ಲಿ.
ಓಣಿ ತುಂಬ ಪವರ್‌ಲೂಮಿನ ಗದ್ದಲ,
ಅದರ ಮೇಲೆ ದನಿ ಏರಿಸಿ ಬನಶಂಕರವ್ವ ಹೇಳಿದಳು:
"ಮೌನೇಶಪ್ಪ ಬಡಿಗೇರ. ಫೌಂಡ್ರಿಯೊಳಗ
ಕಟಗಿ ಅಚ್ಚು ಮಾಡತಿದ್ದ.
ನಮ್ಮ ಪಡಸಾಲಿ ಬಾಡಿಗಿ ಹಿಡಿದಿದ್ದ, ತಿಂಗಳಾ ಎಂಟು ರೂಪಾಯಿ.
ಹನ್ನೊಂದು ತಿಂಗಳು ಕೊಟ್ಟಿದ್ದಿಲ್ಲ.
ಕೇಳಿದ್ರ ಅಳತಿ ಪಟ್ಟಿ ತಗೊಂಡು
ನನ್ನ ಮಗ್ಗದ ಮುಂದ ಬಂದು ಕುಂತ."

ಅಚ್ಚು ಕೆಚ್ಚುವ ಕೆಲಸ ಅವಳದು.
ಬೂದಿ ಹಚ್ಚಿದ ಬೆರಳಲ್ಲಿ ಹಳೆಯ ಎಳೆಗೆ ಹೊಸ ಎಳೆ
ಹೊಸೆದು, ಹೊಸೆದು,
ಒಂದು ಸೀರೆಯ ಅಗಲಕ್ಕೆ ಸಾವಿರಾರು.
ಬಲ್ಬು ಬೆನ್ನ ಹಿಂದೆ. ಕೈಯ ನೆರಳು ಕೈಯ ಮೇಲೇ.

ಮೂರು ರಾತ್ರಿ ಸುಮ್ಮನೆ ನೋಡಿದನಂತೆ ಮೌನೇಶಪ್ಪ,
ಮುಖವನ್ನಲ್ಲ, ನೆರಳನ್ನು.
ಎಲ್ಲಿಂದ ಹೊರಟು ಎಲ್ಲಿ ಬೀಳುತ್ತದೆ ಎಂದು
ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆದನಂತೆ.
ಆ ಗೆರೆಯೇ ಕತ್ತಿನ ಬಾಗು.
ಟೊಪ್ಪಿಗೆ, ಕಾರ್ಖಾನೆಯಲ್ಲಿ ವಾಷರು ಕತ್ತರಿಸಿ
ಬಿಸಾಕಿದ ತಗಡು.
ವಾಷರುಗಳು ಪಂಪಿನೊಳಗೆ ಕೂತು
ಯಾರು ಯಾರದೋ ಬಾವಿಗೆ ಹೋದವು;
ಅವು ಬಿಟ್ಟುಹೋದ ಜಾಗ ಇಲ್ಲಿ ಉಳಿಯಿತು,
ಬಿಸಿ ಹೊರಹೋಗಲಿಕ್ಕೆ.
ಲಯ ಎಂದರಲ್ಲ ಸಬನೀಸ, ಅದು ಇದು.

"ಸ್ವಿಚ್ಚು ಯಾಕ ಕೆಳಗ, ಅಜ್ಜಿ?"
"ಎರಡೂ ಕೈಯಾಗ ಎಳಿ ಇರ್ತಾವಲ್ಲೋ ತಮ್ಮಾ."

"ಇಂಥಾ ದೀಪ ಮತ್ತ ಮಾಡಿದ್ನೇನು?"
"ಗೊತ್ತಿಲ್ಲಪಾ. ಹನ್ನೆರಡನೇ ತಿಂಗಳದ್ದು ನಗದು ಕೊಟ್ಟು ಹೋದ.
ಬ್ಯಾರೆ ಯಾರೂ
ಅಷ್ಟು ಬಾಕಿ ಬಿಟ್ಟಿರಲಿಕ್ಕಿಲ್ಲ."

ಮರುದಿನ ರಿಕ್ಷಾದಲ್ಲಿ ಬಂದಳು.
ಗುಜರಿಗೆ ಹಾಕಿದ ಸೊಸೆಯನ್ನು ಬೈಯಲಿಲ್ಲ,
ಮಾರಬೇಡ ಎನ್ನಲೂ ಇಲ್ಲ.
ಕಣ್ಣಿಗೆ ಪೊರೆ, ದೀಪ ಎತ್ತ ಇದೆ ಎಂದೇ ಸರಿಯಾಗಿ ಕಾಣದು.
ಸ್ಟೂಲು ಹಾಕಿದೆ. ಕೂತಳು.
ಕೈಗಳೆರಡೂ ತಾವಾಗಿ ಎದೆಯೆತ್ತರಕ್ಕೆ ಎದ್ದವು
ಇಲ್ಲದ ಎಳೆ ಹಿಡಿದು.
ಬಲಗಾಲ ಹೆಬ್ಬೆರಳು ಚಪ್ಪಲಿಯಿಂದ ಹೊರಬಂದು
ಸಿಮೆಂಟಿನ ಮೇಲೆ ಒಂದು ಗೇಣು ಜರುಗಿ
ಒತ್ತಿತು.

ಮಿಕ್ಸರುಗಳ ಮೇಲೆ, ಕ್ಯಾಲೆಂಡರಿನ ಮೇಲೆ,
ನನ್ನ ಅಂಗಿಯ ಮೇಲೆ, ಬೆಳಕಿನ ವಾಷರುಗಳು.
ಅವಳ ಬೆರಳಿನ ಮೇಲೆ ಮಾತ್ರ
ಒಂದು ಚೂರೂ ನೆರಳಿಲ್ಲ.

ಆಗ ಹೇಳಿದೆ, ಹೆಸರಿಗೆ ಮೂರು ಲಕ್ಷ ಎಂದು.
ನನ್ನ ಕೂಲಿ ಮುರಿದುಕೊಂಡು ಉಳಿದದ್ದು ನಿನ್ನದು ಎಂದು.
ಬಹಳ ಹೊತ್ತು ತುಟಿಯಲ್ಲೇ ಲೆಕ್ಕ ಹಾಕಿದಳು,
ಬೆರಳ ಗೆಣ್ಣು ಮುಟ್ಟಿ ಮುಟ್ಟಿ.

"ಹಂಗಾರ ಈಗ ಬಾಕಿ ನಂದು ಆತು," ಅಂದಳು.
"ಅಂವ ಎಲ್ಲಿ ಅದಾನ ಅಂತ ಕೊಡ್ಲಿ?"