ಐದನೆಯ ಪಾಲು

ಮದ್ದೂರಿನ ಪೇಟೆಬೀದಿ, ಮಧ್ಯಾಹ್ನ ಎರಡೂವರೆ.
ಪುಟ್ಟಮಾದಯ್ಯನ ಮೆಡಿಕಲ್ಸಿನಲ್ಲಿ
ಕೆಮ್ಮಿನ ಸಿರಪ್ಪಿಗೆ ಕಾಸು ಕೊಟ್ಟೆ, ರಸೀದಿ ಪಡೆದೆ.
ವಿಷವೆಂದು ಗುಮಾನಿಯಿದ್ದರೂ
ಇನ್ಸ್‌ಪೆಕ್ಟರು ಕೊಂಡೇ ಒಯ್ಯಬೇಕು.

ನಾಲ್ಕು ಬಾಟಲಿ, ಅಣ್ಣತಮ್ಮಂದಿರ ಹಿಸ್ಸೆಯಂತೆ:
ಅಂಗಡಿಯವನಿಗೊಂದು, ಪ್ರಯೋಗಾಲಯಕ್ಕೊಂದು,
ಕಂಪನಿಗೊಂದು,
ಎಂದೋ ಕೂರುವ ಕೋರ್ಟಿಗೊಂದು.
ಅರಗು ಕರಗಿಸಿದೆ. ಬೆರಳು ಸುಟ್ಟಿತು.
"ಅವ್ರು ಕಳಿಸ್ತಾರೆ, ನಾ ಮಾರ್ತೀನಿ, ಅಷ್ಟೆಯ ಮೇಡಂ"
ಎಂದ ಪುಟ್ಟಮಾದಯ್ಯ ಸಹಿಗೆ ಮುನ್ನ
ಪೆನ್ನನ್ನು ಮೂರು ಸಲ ಕೊಡವಿದ.

ನನ್ನ ಬ್ಯಾಗಿನಲ್ಲಿ ಇರುವುದು ಇಷ್ಟು:
ಮಾರಬೇಡ ಎನ್ನುವ ಚೀಟಿ, ಇಪ್ಪತ್ತು ದಿನದ ಆಯುಷ್ಯ.
ಕಾರಣ ಕೇಳುವ ನೋಟಿಸು;
ಕಾರಣ ಹೇಳಲು ಅವರಿಗೆ ವಕೀಲರಿದ್ದಾರೆ.
ಲೈಸೆನ್ಸಿನ ಅಮಾನತು, ಮೇಲಿನವರ ರುಜು ಬಿದ್ದರೆ,
ಬಿದ್ದ ಮರುದಿನವೇ ಮೇಲ್ಮನವಿ.
ಜೈಲು ಎಂಬ ಮಾತೂ ಇದೆ ಪುಸ್ತಕದಲ್ಲಿ,
ಆ ಹಾಳೆ ಇನ್ನೂ ಹೊಸದರಂತಿದೆ.

ಮೆಟ್ಟಿಲ ಮೇಲೆ ಹೊನ್ನಾಜಮ್ಮ ಕಾದಿದ್ದಳು.
ಸೆರಗಿನ ಮರೆಯಿಂದ ಅದೇ ಬಾಟಲಿ, ಅರ್ಧ ಖಾಲಿ,
ಬಾಯಿಗೆ ಇರುವೆ ಹತ್ತಿತ್ತು.
"ಇದ್ನೂ ಮಡಿಕಳಿ ಅವ್ವ.
ಮೊಮ್ಮಗೀನ ಮೈಸೂರ ದೊಡ್ಡಾಸ್ಪತ್ರೇಲಿ ಮಲಗ್ಸವ್ರೆ.
ಉಚ್ಚೆ ನಿಂತು ಮೂರು ದಿನಾಯ್ತು."

ಸೀಲಿಲ್ಲದ್ದು ಸಾಕ್ಷಿಯಲ್ಲ,
ಒಡೆದ ಮುಚ್ಚಳಕ್ಕೆ ಫಾರಂ ಇಲ್ಲ.
ಹೇಳಬೇಕಿತ್ತು. ಬಾಯಿ ಬರಲಿಲ್ಲ.
ಕರ್ಚೀಫಿನಲ್ಲಿ ಸುತ್ತಿ
ಅರಗಿನ ಮುದ್ರೆಗಳ ನಡುವೆ ಇಟ್ಟುಕೊಂಡೆ.

ಬಸ್ಸಿನಲ್ಲಿ, ಗಾದೆಯಂತೆಯೇ,
ತುಂಬಿದವು ತುಳುಕಲಿಲ್ಲ.
ಮಂಡ್ಯ ಬರುವವರೆಗೂ
ಅರ್ಧದ್ದೊಂದೇ ತೊಡೆಯ ಮೇಲೆ
ಕುಲುಕುತ್ತಿತ್ತು.