ಅಂಚು

ಅಕ್ಕಲಕೋಟ ರೋಡಿನ ಕಾರ್ಖಾನಿಯೊಳಗ
ಎಲ್ಲಾರಿಗೂ ಹೊಸ ಬೂಟು ಕೊಟ್ಟರು.
ನನ್ನ ಅಳತಿ ಆರು, ಉಳಿದಿದ್ದು ಐದು.
"ತಗೋ ಬಾಯಿ, ಸಡ್ಲ ಆಗ್ತಾವ" ಅಂದ ಸುಪರ್‌ವೈಸರ್.
ಆಗಲಿಲ್ಲ.
ಎಂಟು ತಾಸು ನಿಂತು ಟವೆಲ್ ಚೆಕ್ ಮಾಡಿ ಮಾಡಿ
ಹೆಬ್ಬೆರಳಿನ ಉಗುರು
ಮಾಂಸದೊಳಗ ಒಂದು ಮೂಲಿ ಹಿಡದು ಕೂತಿತು.

ಅಶೋಕ ಚೌಕದ ಔಷಧದಂಗಡಿಯವ ನಖುರ್ಡ ಅಂದ.
ಬಾಜೂಮನಿ ತೆಲುಗು ರಾಜಮಣಿ ಗೋರುಚುಟ್ಟು ಅಂದಳು,
ನಿಂಬೆಹಣ್ಣಿಗೆ ತೂತು ಕೊರದು
ಬೆರಳಿಗೊಂದು ಟೊಪ್ಪಿಗಿ ಹಾಕಿದಳು.
ನಾವು ಉಗುರುಸುತ್ತು ಅಂತೀವಿ.
ರಾತ್ರಿ ಚಾದರದ ತುದಿ ತಾಕಿತಂದರ
ಈ ಮೂರೂ ಹೆಸರು ಬಾಯಿಗೆ ಬರ್ತಿದ್ದಿಲ್ಲ.
ಅವ್ವಾ ಅಂತಿದ್ದೆ, ಅಷ್ಟ.

ಗೋಡಿ ಆಚೆ ಅತ್ತಿಗೆ ಕೇಳಿಸಿತ್ತು.
ಐತವಾರ ನೀರು ಕಾಸಿದಳು,
ಎಣ್ಣಿ ಡಬ್ಬಿ ಕೊಯ್ದು ಮಾಡಿದ ತೊಟ್ಟಿಗೆ ಸುರುವಿ
ಎರಡು ಮುಟಗಿ ಹರಳುಪ್ಪು ಹಾಕಿದಳು.
"ಇಡು ಕಾಲು, ಮಹಾನಂದಾ. ನೀರು ಆರೂತನಾ ತಗೀಬ್ಯಾಡ."
ಆಮ್ಯಾಲೆ ಎತ್ತಿ ತನ್ನ ತೊಡಿ ಮ್ಯಾಲಿಟ್ಟುಕೊಂಡಳು.
"ಬ್ಯಾಡ್ರಿ ಅತ್ತಿ, ನಿಮ್ಮ ತೊಡಿ ಮ್ಯಾಲ ನನ್ನ ಕಾಲು..."
"ಮಾತು ಕಡೀಕ. ಕಿಟಕಿ ತಗಿ, ಬೆಳಕು ಬರಲಿ."

ಮದವಿ ದಿನ ಇದೇ ಕಾಲಿನ ಬೆಳ್ಳಿ
ತೂಕ ಕಡಿಮಿ ಬಂತಂತ
ಮಂದಿ ಮುಂದ ತಕ್ಕಡಿ ತರಿಸಿದಾಕಿ.
ಆ ಕಾಲುಂಗುರ ಈಗ ಬಾತ ಬೆರಳಿಗೆ ಒತ್ತುತ್ತಿತ್ತು.
ಎಣ್ಣಿ ಹಚ್ಚಿ, ತಿರುವಿ ತಿರುವಿ ತಗದಳು.
"ಗಂಡ ಇದ್ದಾಕಿ ತಗೀಬಾರದಂತ..."
"ಅಂವ ಗಟ್ಟಿ ಅದಾನ. ಮೂರು ರೊಟ್ಟಿ ತಿಂದು ಮಲಗ್ಯಾನ"
ಅಂದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಮೂವತ್ತು ವರ್ಷ ಕಂಡಿಕಿ ಸುತ್ತಿದ ಬೆರಳು.
ಚಿಂದಿಯೊಳಗಿನ ಬಿಳಿ ನೂಲು ಕುದಿಸಿ, ಹೊಸೆದು,
ಅರಿಶಿಣದೆಣ್ಣಿಯೊಳಗ ಅದ್ದಿ,
ಮೆತ್ತಗಾದ ಉಗುರಿನ ಮೂಲಿ ಒಂದೀಟು ಎತ್ತಿ
ಫಣಿಯ ಸಂದಿನಾಗ ಎಳಿ ದಾಟಿಸಿದಾಂಗ
ದಾಟಿಸಿದಳು.
ನಾ ಆಕಿ ಹೆಗಲು ಹಿಡದಿದ್ದೆ,
ನನ್ನ ಉಗುರು ನಾಟುವಷ್ಟು.
ಆಕಿ ಹಾ ಅನ್ನಲಿಲ್ಲ.

"ದಿನಾ ಟವೆಲಿನ ಅಂಚು ನೋಡ್ತಿ,
ನೆಟ್ಟಗಿದ್ದರ ಪಾಸು, ಸೊಟ್ಟಿದ್ದರ ಫೇಲು.
ಉಗುರಿನ ಮೂಲಿ ಮಾತ್ರ ಗುಂಡಗ ಕೊರದೀಯಲ್ಲ, ಹುಚ್ಚಿ!"

ದಿನಾ ಹೊಸ ನೂಲು, ಹಳೇದು ಒಲಿಗೆ.
ಕೀವು ಕಂಡರ ಸೀದಾ ದವಾಖಾನಿ ಅಂತ ಬೆದರಿಸೂದೂ ದಿನಾ.
ಚಪ್ಪಲಿ ಮೆಟ್ಟಿ ಕೆಲಸಕ್ಕ ಹೋದೆ,
ಐವತ್ತು ರೂಪಾಯಿ ದಂಡ ಹಿಡದರು.
ಒಂಬತ್ತನೇ ದಿನ ರಾತ್ರಿ ಚಾದರ ತಾಕಿತು.
ತಾಕಿದ್ದು ಗೊತ್ತಾಗಲಿಲ್ಲ.

ಕಾಲುಂಗುರ ಕೇಳಿದೆ.
ಗಂಟು ಬಿಚ್ಚಿ, ಅಂಗೈಯಾಗ ಇಟ್ಟು,
ಆವತ್ತಿನಂಗ ಮ್ಯಾಲಕೆಳಗ ತೂಗಿದಳು.
"ಬರೋಬ್ಬರಿ ಅದ" ಅಂದಳು.

ಬೂಟು ಇನ್ನೂ ಐದನೇ ನಂಬರೇ.
ಹೊಸ್ತಿಲ ಹೊರಗ ಬಿಟ್ಟೀನಿ.
ಅತ್ತಿ ಮುಂದ ಕುಂತಾಳ, ಕೈಯಾಗ ಕತ್ತರಿ,
ಹೆಬ್ಬೆರಳಿನ ಜಾಗ ಎಲ್ಲಿ ಅಂತ
ಒತ್ತಿ ಒತ್ತಿ ನೋಡಾಕತ್ಯಾಳ.