ಎಂಟು ಮೂಲೆಯ ಕಪ್ಪು ಚೀಟಿ

ತಾಲ್ಕಾವಾನೊ ಬಂದರಿನ ಮೇಲುಗುಡ್ಡದ ಆರೋಗ್ಯಕೇಂದ್ರದಲ್ಲಿ
ನನ್ನ ಕೆಲಸ ತೂಗುವುದು.
ಹದಿನೇಳು ವರ್ಷದಿಂದ ತೂಗುತ್ತಿದ್ದೇನೆ, ಮಕ್ಕಳನ್ನು ಮಾತ್ರ.

ಬಾಲ್ತಸಾರ್, ಏಳು ವರ್ಷ, ಶೂ ಬಿಚ್ಚಿ ಹತ್ತಿದ.
ಕಾಲ್ಚೀಲದ ತೂತಿನಿಂದ ಹೆಬ್ಬೆರಳು
ಹೊರಗಿಣುಕಿ ನನ್ನನ್ನು ನೋಡಿತು.
ಉಸಿರನ್ನೆಲ್ಲ ಹೊರಗೆ ಬಿಟ್ಟು ನಿಂತ,
ಗಾಳಿಗೂ ತೂಕವಿದೆಯೆಂದು ಯಾರೋ ಹೇಳಿರಬೇಕು.
ಮುಳ್ಳು ಮೂವತ್ತೆಂಟರ ಹತ್ತಿರ ತುಸು ಅನುಮಾನಿಸಿ
ಮೂವತ್ತೊಂಬತ್ತಕ್ಕೆ ಒಪ್ಪಿಕೊಂಡಿತು.

ತಾಯಿ ಯಾಸ್ನಾ ಕುರ್ಚಿಯ ಅಂಚಿನಲ್ಲಿ,
ಮೀನುಡಬ್ಬಿ ಕಾರ್ಖಾನೆಯ ರಾತ್ರಿ ಪಾಳಿಯಿಂದ ನೇರ ಬಂದವಳು.
ಮೊಣಕೈಗೆ ಅಂಟಿದ ಒಂದು ಹುರುಪೆ
ಟ್ಯೂಬ್‌ಲೈಟಿಗೆ ಮಿನುಗುತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ.

'ಮನೇಲಿ ಏನು ತಿಂತಾನೆ?'
ನಮೂನೆಯ ನಾಲ್ಕನೇ ಪ್ರಶ್ನೆ.
'ಸೊಪ್ಪು' ಅಂದಳು.
ಎಲ್ಲರೂ ಮೊದಲು ಸೊಪ್ಪನ್ನೇ ಹೇಳುತ್ತಾರೆ.
ನಾನು ಪೆನ್ನು ಕೆಳಗಿಟ್ಟೆ.

ಆಮೇಲೆ ಬಂತು ಒಂದೇ ಉಸಿರಿಗೆ:
ಬಾಡಿಗೆ ಎರಡು ತಿಂಗಳು ಬಾಕಿ.
ಉತ್ತರದ ತಾಮ್ರದ ಗಣಿಗೆ ಹೋದ ಗಂಡ
ಮೊದಲು ದುಡ್ಡು ಕಳಿಸುತ್ತಿದ್ದ, ಆಮೇಲೆ ಫೋಟೊ,
ಆಮೇಲೆ ಏನೂ ಇಲ್ಲ.
ಮೂಲೆಮನೆಯಲ್ಲಿ ಗುಂಡು ಹಾರಿದ ಮೇಲೆ
ಅಜ್ಜಿ ಓರ್ಫೆಲಿನಾ ಬಾಗಿಲಿಗೆ ಎರಡನೇ ಚಿಲಕ ಹಾಕಿಸಿದ್ದಾಳೆ,
ಆಟವೆಲ್ಲ ಮಂಚದ ಮೇಲೇ, ಟೀವಿಯ ಎದುರು.
ಬಸ್ ಸ್ಟಾಪಿನಲ್ಲಿ ಸೋಪೈಪಿಯಾ,
ಕುಂಬಳದ ಹಿಟ್ಟು, ಆಗತಾನೇ ಎಣ್ಣೆಯಿಂದ ಎದ್ದದ್ದು,
ಮೇಲೆ ಸಾಸಿವೆ ಸಾಸು, ಕೈಗೆ ಬಿಸಿಬಿಸಿ.
'ಅಳು ನಿಲ್ಲುತ್ತೆ ಸೆನ್ಯೋರಾ.
ಸೊಪ್ಪು ಕೊಟ್ಟರೆ ಜಗಳ. ಜಗಳಕ್ಕೆ ಇಪ್ಪತ್ತು ನಿಮಿಷ ಬೇಕು.
ನನ್ನ ಹತ್ತಿರ ಇರೋದು ಹನ್ನೆರಡು.'

ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಳು, ಅನ್ನುತ್ತಾರೆ ಇಂಥವರ ಬಗ್ಗೆ.
ಯಾರ ಹೊಟ್ಟೆಗೆ ಅಂತ
ಯಾರೂ ಕೇಳುವುದಿಲ್ಲ.

ನಾನೂ ಕೇಳಲಿಲ್ಲ. ಅಚ್ಚಾದ ಹಾಳೆ ಕೊಟ್ಟೆ:
ದಿನಕ್ಕೊಂದು ಗಂಟೆ ಓಟ, ಹೊತ್ತಿಗೆ ಸರಿಯಾಗಿ ಊಟ,
ಮನೆಯಲ್ಲಿ ಶಾಂತ ವಾತಾವರಣ.
ಯಾಸ್ನಾ ಅದನ್ನು ಮಡಿಸಿ ಕರೆಂಟ್ ಬಿಲ್ಲಿನ ಜೊತೆ ಇಟ್ಟಳು,
ಕಟ್ಟಬೇಕಾದವುಗಳ ಸಾಲಿಗೆ.

ಇಲ್ಲಿ ಅಂಗಡಿಯ ಪೊಟ್ಟಣಗಳ ಮೇಲೆ
ಸರ್ಕಾರದ ಕಪ್ಪು ಚೀಟಿ ಇರುತ್ತದೆ, ಎಂಟು ಮೂಲೆಯದು:
ಸಕ್ಕರೆ ಹೆಚ್ಚು. ಉಪ್ಪು ಹೆಚ್ಚು. ಕೊಬ್ಬು ಹೆಚ್ಚು.
ಅಕ್ಷರ ಕಲಿಯುವ ಮೊದಲೇ ಮಕ್ಕಳು ಆ ಆಕಾರ ಕಲಿಯುತ್ತಾರೆ.
ಶೂ ಹಾಕಿಕೊಳ್ಳುತ್ತಿದ್ದ ಹುಡುಗ ತಟ್ಟನೆ ನಿಲ್ಲಿಸಿ
ಜೇಬಿನಿಂದ ಒಂದನ್ನು ತೆಗೆದ,
ಶಾಲೆಯಲ್ಲಿ ಕತ್ತರಿಸಿದ್ದು. ಎಣಿಸಿದೆ, ಏಳೇ ಮೂಲೆ.
ಅಮ್ಮನ ಜಾಕೆಟ್ಟಿಗೆ ಒತ್ತಿದ. ಅಂಟು ಒಣಗಿತ್ತು, ಬಿತ್ತು.
ಉಗುಳು ಹಚ್ಚಿ ಮತ್ತೆ ಒತ್ತಿದ.

'ಏನು ಹೆಚ್ಚು ಅಂತ ಬರೆದಿದ್ದೀಯೋ ಇದರಲ್ಲಿ?'
'ಇನ್ನೂ ಬರೆದಿಲ್ಲ' ಅಂದ.
'ಅಮ್ಮನ್ನ ಕೇಳಬೇಕು. ಅವಳು ಎದ್ದಿರುವಾಗ.'

ಯಾಸ್ನಾ ನಗಲು ಹೊರಟಳು,
ಬಂದದ್ದು ಆಕಳಿಕೆ.
ಇಳಿಜಾರಿನಲ್ಲಿ ಇಬ್ಬರೂ ಕೈ ಹಿಡಿದು ಇಳಿದರು,
ಯಾರು ಯಾರನ್ನು ಹಿಡಿದಿದ್ದರೋ, ಮೇಲಿನಿಂದ ತಿಳಿಯಲಿಲ್ಲ.

ಹೊರಗೆ ಇನ್ನೂ ಹನ್ನೊಂದು ಮಂದಿ ಕಾಯುತ್ತಿದ್ದರು.
ಮುಂದಿನ ಹೆಸರು ಕೂಗುವ ಮೊದಲು ಡ್ರಾಯರ್ ಎಳೆದೆ.
ನನ್ನ ಬಿಸ್ಕತ್ತಿನ ಪೊಟ್ಟಣ, ಎರಡು ಕಪ್ಪು ಚೀಟಿಯದು.
ಒಂದು ತಿಂದೆ, ಆಮೇಲೆ ಇನ್ನೊಂದು,
ನಿಂತುಕೊಂಡೇ,
ಬಾಗಿಲ ಕಡೆ ಬೆನ್ನು ಮಾಡಿ.